ಬರ ಬಂದ ವರ್ಷ ಯಾರ ಪಾಲು ಎಷ್ಟು?

ವೇದಾವತಿ ಹೊಳೆಗೆ ಅಡ್ಡಲಾಗಿರುವ ಹಿರಿಯೂರಿನ ಮಾರಿಕಣಿವೆ ಅಣೆಕಟ್ಟು, ಅಂದರೆ ವಾಣಿವಿಲಾಸ ಸಾಗರ, ಕಟ್ಟಿ ಮುಗಿದದ್ದು 1907ರಲ್ಲಿ. ಹಿಡಿಯುವುದು 30 ಟಿಎಂಸಿ. 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಆಮೇಲೆ 2025ರ ಜನವರಿಯಲ್ಲೇ ಇನ್ನೊಮ್ಮೆ. ಆಗ ಪಂಪ್ ಮಾಡಿ ತಂದ ಭದ್ರಾ ನೀರೂ ಸೇರಿತ್ತು, ಅದು ಬೇರೆ ಮಾತು. ಇಂಥ ಹೊಳೆಗೆ ‘ವರ್ಷಕ್ಕೆ ಸರಾಸರಿ ಇಷ್ಟು’ ಅಂತ ಕಾಗದದಲ್ಲಿ ಬರೆಯಬಹುದು. ಆದರೆ ಆ ಸರಾಸರಿ ವರ್ಷ ಬರೋದೇ ಇಲ್ಲ, ಅಲ್ವಾ?

ಒಣ ನಾಡಿನಲ್ಲಿ ದೇಶದಿಂದ ದೇಶಕ್ಕೆ ಹರಿಯುವ ನದಿಗಳ ಜಗಳದ ಬೇರೂ ಬಹುಮಟ್ಟಿಗೆ ಇಲ್ಲೇ ಇದೆ. ಮೇಲಿನವರು ಕೆಳಗಿನವರು ಅನ್ನೋ ತಕರಾರು ಹೊಸದೇನಲ್ಲ. ಭದ್ರಾ ನಾಲೆಯ ಕೊನೇ ಭಾಗದ ರೈತರನ್ನು ಕೇಳಿ, ಬೇಕಾದಷ್ಟು ಹೇಳುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಜಾಸ್ತಿ ತೊಂದರೆ ಕೊಡೋದು ಒಳ್ಳೇ ಮಳೆಯ ಲೆಕ್ಕವನ್ನು ಬರದ ವರ್ಷಕ್ಕೂ ಹಚ್ಚುವುದು.

ಮೇಲಿನವರು ಕೆಳಗಿನವರ ನಡುವಿನ ಒಂದು ಹಳೇ ಕರಾರು ನಮ್ಮ ವೇದಾವತಿಗೂ ಇತ್ತು. 1892ರಲ್ಲಿ ಮದ್ರಾಸ್ ಮತ್ತು ಮೈಸೂರು ಮಾಡಿಕೊಂಡ ಒಪ್ಪಂದದ ಪಟ್ಟಿಯಲ್ಲಿ ಕಾವೇರಿ, ತುಂಗಭದ್ರಾ ಜೊತೆಗೆ ವೇದಾವತಿಯ ಹೆಸರೂ ಇತ್ತು. ಆ ನದಿಗಳಿಗೆ ಮದ್ರಾಸಿನ ಒಪ್ಪಿಗೆ ಇಲ್ಲದೆ ಮೈಸೂರು ಹೊಸ ನೀರಾವರಿ ಜಲಾಶಯ ಕಟ್ಟುವಂತಿರಲಿಲ್ಲ. ಕೆಳಗಿನವರ ಕೈ ಮೇಲಾಗಿದ್ದ ಅಪರೂಪದ ಕರಾರು ಅದು.

ಮೂರೇ ವರ್ಷಕ್ಕೆ ಅಮೆರಿಕದಲ್ಲಿ ಇದಕ್ಕೆ ತದ್ವಿರುದ್ಧ ಮಾತು ಹೊರಟಿತು. ರಿಯೊ ಗ್ರಾಂಡೆ ನದಿಯ ನೀರನ್ನು ಮೇಲಿನವರೇ ಬಳಸಿಕೊಳ್ಳುತ್ತಿದ್ದಾರೆ ಅಂತ ಮೆಕ್ಸಿಕೊ ದೂರಿತು. ಅಟಾರ್ನಿ ಜನರಲ್ ಜಡ್ಸನ್ ಹಾರ್ಮನ್ 1895ರಲ್ಲಿ ಕೊಟ್ಟ ಉತ್ತರ ಸರಳ: ನಮ್ಮ ನೆಲದ ನೀರು ನಮ್ಮಿಷ್ಟ, ಕೆಳಗಿನ ದೇಶಕ್ಕೆ ಕಾನೂನಿನ ಋಣವೇನಿಲ್ಲ. ಇಷ್ಟು ಗಟ್ಟಿಯಾಗಿ ಹೇಳಿದ ಅಮೆರಿಕವೇ 1906ರಲ್ಲಿ ವರ್ಷಕ್ಕೆ ಸುಮಾರು 2.6 ಟಿಎಂಸಿ ಕೊಡಲು ಒಪ್ಪಿತು. ಆ ಒಪ್ಪಂದದಲ್ಲಿ ಇನ್ನೊಂದು ಸಾಲು ಸೇರಿಸಿದರು: ತೀವ್ರ ಬರ ಬಂದರೆ ಅಮೆರಿಕದ ಜಮೀನಿಗೆ ಎಷ್ಟು ಪಾಲು ಕಡಿತವೋ, ಮೆಕ್ಸಿಕೊಗೂ ಅಷ್ಟೇ ಪಾಲು ಕಡಿತ.

ಕೊಲರಾಡೊ ನದಿಯ ಕತೆ ಇನ್ನೂ ಚೆನ್ನಾಗಿದೆ. 1922ರಲ್ಲಿ ಅಮೆರಿಕದ ಏಳು ರಾಜ್ಯಗಳಿಗಾಗಿ ನೀರು ಹಂಚಿದಾಗ ಕೈಯಲ್ಲಿದ್ದದ್ದು ಮಳೆ ಜೋರಾಗಿದ್ದ ವರ್ಷಗಳ ಅಳತೆ. ನದಿಯಲ್ಲಿ ಇಲ್ಲದ ನೀರನ್ನೂ ಹಂಚಿಬಿಟ್ಟರು. 1944ರಲ್ಲಿ ಅದರ ಮೇಲೆ ಮೆಕ್ಸಿಕೊಗೆ ವರ್ಷಕ್ಕೆ 65 ಟಿಎಂಸಿ ಅಂತಾಯಿತು. ಒಂದು ದೇಶದ ಇಡೀ ವರ್ಷದ ಪಾಲು, ತುಂಬಿದ ಭದ್ರಾ ಜಲಾಶಯದ 71 ಟಿಎಂಸಿಗಿಂತ ಕಮ್ಮಿ! ಬರ ಬಂದರೆ ಇಬ್ಬರಿಗೂ ಕಡಿತ ಅನ್ನೋ ಸಾಲು ಇಲ್ಲೂ ಇತ್ತು. ಎಷ್ಟು ಒಣಗಿದರೆ ಅದು ಬರ ಅಂತ ಮಾತ್ರ ಯಾರೂ ಬರೆಯಲಿಲ್ಲ.

ಸಿಂಧೂ ನದಿಯಲ್ಲಿ ಬೇರೆ ದಾರಿ ಹಿಡಿದರು. 1948ರ ಏಪ್ರಿಲ್ 1ರಂದು ಪೂರ್ವ ಪಂಜಾಬ್ ಪಾಕಿಸ್ತಾನಕ್ಕೆ ಹೋಗುವ ನಾಲೆಗಳ ನೀರು ನಿಲ್ಲಿಸಿತು. ಮಾತುಕತೆ ಹನ್ನೆರಡು ವರ್ಷ ನಡೆಯಿತು, ಮಧ್ಯೆ ವಿಶ್ವ ಬ್ಯಾಂಕ್ ಬಂತು. 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ನೆಹರೂ, ಅಯೂಬ್ ಖಾನ್ ಸಹಿ ಹಾಕಿದರು. ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡ ಹಾಗೆ ನದಿಗಳನ್ನೇ ಹಂಚಿಕೊಂಡರು. ರಾವಿ, ಬಿಯಾಸ್, ಸಟ್ಲೆಜ್ ಭಾರತಕ್ಕೆ. ಸಿಂಧೂ, ಝೇಲಂ, ಚೀನಾಬ್ ಬಹುಪಾಲು ಪಾಕಿಸ್ತಾನಕ್ಕೆ. ಅವರವರ ನದಿಯ ಬರ ಅವರವರ ತಲೆಗೆ. ಮೂರು ಯುದ್ಧ ಕಂಡರೂ ಒಪ್ಪಂದ ಉಳಿಯಿತು. ಕೊನೆಗೆ ಅದು ನಿಂತದ್ದು ನೀರಿನ ಲೆಕ್ಕಕ್ಕಲ್ಲ: ಪಹಲ್ಗಾಮ್ ದಾಳಿಯ ಮರುದಿನ, 2025ರ ಏಪ್ರಿಲ್ 23ರಂದು, ಭಾರತ ಅದನ್ನು ಅಮಾನತಿನಲ್ಲಿಟ್ಟಿತು.

ನೈಲ್‌ನಲ್ಲಿ ಎಡವಟ್ಟು ಮೊದಲೇ ಆಗಿತ್ತು. 1959ರಲ್ಲಿ ಈಜಿಪ್ಟ್ ಮತ್ತು ಸುಡಾನ್ ಇಬ್ಬರೇ ಕೂತು ವರ್ಷಕ್ಕೆ ಸರಾಸರಿ 84 ಶತಕೋಟಿ ಘನ ಮೀಟರ್ ಅಂತ ಹಿಡಿದರು. ಈಜಿಪ್ಟಿಗೆ 55.5, ಸುಡಾನ್‌ಗೆ 18.5. ಉಳಿದ 10 ಅಸ್ವಾನ್ ಜಲಾಶಯದಲ್ಲಿ ಸುಮ್ನೆ ಆವಿಯಾಗಿ ಹೋಗುವ ನೀರು! ನಮ್ಮ ಲೆಕ್ಕದಲ್ಲಿ ಅದು 350 ಟಿಎಂಸಿ, ತುಂಬಿದ ತುಂಗಭದ್ರಾ ಜಲಾಶಯದ ಮೂರರಷ್ಟು. ಗಾಳಿಗೂ ಪಾಲು ಇಟ್ಟರು, ಬಹುಪಾಲು ನೀರು ಕೊಡುವ ಇಥಿಯೋಪಿಯಾಕ್ಕೆ ಇಡಲಿಲ್ಲ. ಇಥಿಯೋಪಿಯಾ 2011ರಲ್ಲಿ ತಾನೇ ದೊಡ್ಡ ಅಣೆಕಟ್ಟು ಶುರು ಮಾಡಿ, 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟಿಸಿತು. ಮಾತುಕತೆ ಮುಖ್ಯವಾಗಿ ಸಿಕ್ಕಿಕೊಂಡದ್ದು ಒಂದು ಕಡೆ: ಸಾಲು ಸಾಲು ವರ್ಷ ಮಳೆ ಕೈಕೊಟ್ಟರೆ ಮೇಲಿನವರು ಎಷ್ಟು ನೀರು ಬಿಡಬೇಕು?

ಈ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಬರೆದದ್ದು ಕೊಲರಾಡೊದವರು, ಅದೂ ತಡವಾಗಿ. 2012ರಲ್ಲಿ, ಮತ್ತೆ 2017ರಲ್ಲಿ, ಅಮೆರಿಕ ಮತ್ತು ಮೆಕ್ಸಿಕೊ 1944ರ ಒಪ್ಪಂದಕ್ಕೆ ಹೊಸ ಕಟ್ಟಳೆ ಸೇರಿಸಿದವು. ಆ ನದಿಯ ಮೇಲೆ ಅಮೆರಿಕದಲ್ಲಿರುವ ಲೇಕ್ ಮೀಡ್ ಜಲಾಶಯದ ಮಟ್ಟ 1,075 ಅಡಿಗಿಂತ ಕೆಳಗಿಳಿದರೆ ಅದು ಕೊರತೆ. ಅಲ್ಲಿಂದ ಮುಂದೆ ಎಷ್ಟು ಅಡಿಗೆ ಯಾರಿಗೆ ಎಷ್ಟು ಕಡಿತ ಅನ್ನೋದು ಮೊದಲೇ ನಿಗದಿ. ನಾವು ಪೇಪರಿನಲ್ಲಿ ‘ಇಂದಿನ ಮಟ್ಟ’ ನೋಡಿದಂತೆ ಎರಡೂ ದೇಶದವರು ಆ ಅಡಿ ನೋಡಬಹುದು. 2022ಕ್ಕೆ ಮೊದಲ ಸಲ ಕೊರತೆ ಘೋಷಣೆಯಾದಾಗ ಮೆಕ್ಸಿಕೊಗೆ ಸುಮಾರು 3.5 ಟಿಎಂಸಿ ಕಡಿಮೆಯಾಯಿತು, ಅಮೆರಿಕದ ಅರಿಜೋನ ರಾಜ್ಯಕ್ಕೆ ಸುಮಾರು 22. ಅರಿಜೋನದ ರೈತರು ಗೊಣಗಿದರು. ಆದರೆ ಗೇಟ್ ಮುಂದೆ ಎರಡು ದೇಶ ಜಗಳ ಕಾಯಲಿಲ್ಲ. ಈ ಕಟ್ಟಳೆಯ ಅವಧಿ 2026ರ ಡಿಸೆಂಬರ್‌ವರೆಗೆ ಮಾತ್ರ.