ಟಿಕಾಸ್ ಸುಮ್ಮನಾದರೆ ಪೈಲಟ್‌ಗೆ ಗೊತ್ತಾಗುವುದು ಹೇಗೆ?

2025ರ ಮಾರ್ಚ್ 1. ವಾಷಿಂಗ್ಟನ್‌ನ ರೇಗನ್ ನಿಲ್ದಾಣದಲ್ಲಿ ಇಳಿಯಲು ಬರುತ್ತಿದ್ದ ಹಲವು ವಿಮಾನಗಳ ಕಾಕ್‌ಪಿಟ್‌ನಲ್ಲಿ ಒಂದೇ ಎಚ್ಚರಿಕೆ: ಪಕ್ಕದಲ್ಲಿ ಇನ್ನೊಂದು ವಿಮಾನವಿದೆ. ನೋಡಿದರೆ ಅಲ್ಲಿ ಏನೂ ಇಲ್ಲ. ಕೆಲವರು ಇಳಿಯುವುದನ್ನೇ ಬಿಟ್ಟು ಮತ್ತೆ ಮೇಲೇರಿದರು. ತಿಂಗಳ ಹಿಂದಷ್ಟೇ ಅದೇ ನಿಲ್ದಾಣದ ಪಕ್ಕ ವಿಮಾನಕ್ಕೂ ಸೇನಾ ಹೆಲಿಕಾಪ್ಟರ್‌ಗೂ ಡಿಕ್ಕಿಯಾಗಿ 67 ಜನ ಸತ್ತಿದ್ದರು. ಸುಳ್ಳು ಅಲಾರಂ ಇರಬಹುದು ಬಿಡು ಅನ್ನುವ ಧೈರ್ಯ ಯಾರಿಗಿರುತ್ತೆ ಹೇಳಿ? ಹತ್ತಿರದಲ್ಲೇ ಡ್ರೋನ್ ತಡೆಯುವ ಉಪಕರಣದ ಪರೀಕ್ಷೆ ನಡೆದಿತ್ತು, ಅದರ ತರಂಗ ಅಡ್ಡ ಬಂತು ಅನ್ನುವ ಮಾತು ಆಮೇಲೆ ಸೆನೆಟ್‌ವರೆಗೂ ಹೋಯಿತು.

ಎಚ್ಚರಿಸಿದ್ದು ಟಿಕಾಸ್ ಅನ್ನುವ, ವಿಮಾನಗಳ ಡಿಕ್ಕಿ ತಪ್ಪಿಸುವ ಯಂತ್ರ. ಇದು ರೇಡಾರ್ ಅಲ್ಲ, ಕೇಳಿ ತಿಳಿದುಕೊಳ್ಳುವ ಯಂತ್ರ. 1030 ಮೆಗಾಹರ್ಟ್ಸ್‌ನಲ್ಲಿ ಸುತ್ತಲಿನ ವಿಮಾನಗಳಿಗೆ ಪ್ರಶ್ನೆ ಕಳಿಸುತ್ತದೆ. ಅವುಗಳ ಟ್ರಾನ್ಸ್‌ಪಾಂಡರ್, ಅಂದರೆ ಪ್ರಶ್ನೆಗೆ ತಾನಾಗಿ ಉತ್ತರಿಸುವ ರೇಡಿಯೋ ಪೆಟ್ಟಿಗೆ, 1090ರಲ್ಲಿ ತನ್ನ ಎತ್ತರ ಹೇಳುತ್ತದೆ. ಉತ್ತರ ಬರಲು ಹಿಡಿದ ಸಮಯದಿಂದ ದೂರದ ಲೆಕ್ಕ ಸಿಗುತ್ತದೆ. ತೀರಾ ಹತ್ತಿರವಾದರೆ ಮೊದಲು ‘ಟ್ರಾಫಿಕ್, ಟ್ರಾಫಿಕ್’. ಅದಕ್ಕೂ ದೂರವಾಗದಿದ್ದರೆ ಎರಡೂ ಯಂತ್ರಗಳು ಮಾತಾಡಿಕೊಂಡು ಒಬ್ಬರಿಗೆ ‘ಕ್ಲೈಂಬ್’ (ಮೇಲೇರು), ಇನ್ನೊಬ್ಬರಿಗೆ ‘ಡಿಸೆಂಡ್’ (ಕೆಳಗಿಳಿ) ಅನ್ನುತ್ತವೆ. ಅಂದರೆ ಎದುರಿನವರು ಉತ್ತರ ಕೊಟ್ಟರೆ ಮಾತ್ರ ಈ ಆಟ. ಮುಂದಿನ ಕಥೆಗೆ ಇದು ನೆನಪಿರಲಿ.

1956ರಲ್ಲಿ ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 128 ಜನ ಸತ್ತ ಮೇಲೆ ಇಂಥ ಯಂತ್ರ ಬೇಕು ಅಂತ ಶುರುವಾದ ಚರ್ಚೆ ಮೂವತ್ತು ವರ್ಷ ಎಳೆದಾಡಿ, 1986ರಲ್ಲಿ ಕ್ಯಾಲಿಫೋರ್ನಿಯಾದ ಸೆರಿಟೋಸ್‌ನಲ್ಲಿ 82 ಜೀವ ಹೋದ ನಂತರ ಕಾನೂನಾಯಿತು. ನಮ್ಮಲ್ಲಿ ಅದಕ್ಕೆ 1996ರ ಹರಿಯಾಣದ ಚರ್ಖಿ ದಾದ್ರಿ ಡಿಕ್ಕಿ ಬೇಕಾಯಿತು. ಅಲ್ಲಿ ಸತ್ತವರು 349. ಎರಡೂ ವಿಮಾನದಲ್ಲಿ ಟಿಕಾಸ್ ಇರಲಿಲ್ಲ.

2002ರಲ್ಲಿ ಜರ್ಮನಿಯ ಯೂಬರ್ಲಿಂಗನ್ ಮೇಲೆ ಡಿಕ್ಕಿಯಾದ ಎರಡು ವಿಮಾನದಲ್ಲೂ ಟಿಕಾಸ್ ಇತ್ತು, ಸರಿಯಾಗಿಯೇ ಕೂಗಿತು. ಆದರೆ ರಷ್ಯಾದ ವಿಮಾನಕ್ಕೆ ಯಂತ್ರ ‘ಮೇಲೇರು’ ಅಂದಾಗ, ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ‘ಇಳಿ’ ಅಂದಿದ್ದರು. ಎರಡೂ ಇಳಿದವು. 71 ಸಾವು. ಆ ರಾತ್ರಿ, ಆ ಆಕಾಶವನ್ನು ನೋಡಿಕೊಳ್ಳುತ್ತಿದ್ದ ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್ ಕೇಂದ್ರದಲ್ಲಿ ರಿಪೇರಿ ನಡೆದಿತ್ತು. ಡಿಕ್ಕಿಯ ಸೂಚನೆ ಪರದೆ ಮೇಲೆ ಮೂಡುತ್ತಿರಲಿಲ್ಲ, ಅದು ಮೂಡುವುದಿಲ್ಲ ಅಂತ ಡ್ಯೂಟಿಯಲ್ಲಿದ್ದವರಿಗೆ ಗೊತ್ತೂ ಇರಲಿಲ್ಲ.

ಈ ‘ಗೊತ್ತೂ ಇರಲಿಲ್ಲ’ ಅನ್ನುವುದಿದೆಯಲ್ಲ, ನನ್ನ ಪ್ರಕಾರ ಇಡೀ ವಿಷಯದ ಗಂಟು ಇರುವುದು ಅಲ್ಲೇ. ಅದು ಪೂರ್ತಿ ಬಿಚ್ಚಿಕೊಂಡಿದ್ದು ಬ್ರೆಜಿಲ್‌ನಲ್ಲಿ.

2006ರ ಸೆಪ್ಟೆಂಬರ್ 29. ಕಾರ್ಖಾನೆಯಿಂದ ಆಗಷ್ಟೇ ಹೊರಬಂದ ಲೆಗಸಿ ಅನ್ನುವ ಪುಟ್ಟ ಜೆಟ್ ಮನಾಸ್ ಕಡೆ ಹೊರಟಿತ್ತು. ಒಳಗೆ ಏಳು ಜನ. ಎದುರಿನಿಂದ ಗೋಲ್ ಕಂಪನಿಯ ಬೋಯಿಂಗ್ 737, ಅದೂ ಹೊಸದೇ, 154 ಜನರನ್ನು ಹೊತ್ತು ಬರುತ್ತಿತ್ತು. ಎರಡೂ 37,000 ಅಡಿಯಲ್ಲಿ, ಒಂದೇ ದಾರಿಯಲ್ಲಿ. ಡಿಕ್ಕಿಗೆ ಮುಕ್ಕಾಲು ಗಂಟೆಗೂ ಮುಂಚೆ ಲೆಗಸಿಯ ಟ್ರಾನ್ಸ್‌ಪಾಂಡರ್ ಸ್ಟ್ಯಾಂಡ್‌ಬೈಗೆ, ಅಂದರೆ ಉತ್ತರ ಕೊಡದ ಸ್ಥಿತಿಗೆ ಹೋಗಿತ್ತು, ಬಹುಶಃ ಯಾರದೋ ಕೈ ತಪ್ಪಿ. ಅದರ ಜೊತೆ ಟಿಕಾಸ್ ಕೂಡ ನಿಂತಿತು.

ಗಂಟೆ ಹೊಡೆಯಲಿಲ್ಲ, ಕೆಂಪು ದೀಪ ಹತ್ತಲಿಲ್ಲ. ಪರದೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಟಿಕಾಸ್ ಆಫ್’ ಅಂತ ಮೂಡಿ ಹಾಗೇ ಉಳಿಯಿತು. ಕಂಟ್ರೋಲರ್‌ಗಳ ಪರದೆಯಲ್ಲೂ ಗುರುತು ಬದಲಾಗಿತ್ತು, ಅಲ್ಲೂ ಅದು ಯಾರ ಗಮನವನ್ನೂ ಸೆಳೆಯಲಿಲ್ಲ. ಗೋಲ್ ವಿಮಾನದ ಟಿಕಾಸ್ ಗಟ್ಟಿಮುಟ್ಟಾಗಿತ್ತು. ಆದರೆ ಅದು ಕೇಳಿದ ಪ್ರಶ್ನೆಗೆ ಉತ್ತರ ಕೊಡುವವರಿಲ್ಲ. ಒಂದರ ಯಂತ್ರ ನಿಂತರೆ ಇನ್ನೊಂದರ ಯಂತ್ರವೂ ಕುರುಡು. ಲೆಗಸಿಯ ರೆಕ್ಕೆಯ ತುದಿ ತಗುಲಿ ಬೋಯಿಂಗ್‌ನ ಎಡರೆಕ್ಕೆ ಕತ್ತರಿಸಿತು. 154 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಲೆಗಸಿಯ ಏಳೂ ಜನ ಬದುಕಿ ಕಾಡಿನ ನಡುವಿನ ಸೇನಾ ನೆಲೆಯಲ್ಲಿ ಇಳಿದರು. ಟಿಕಾಸ್ ಆಫ್ ಆಗಿದೆ ಅಂತ ಅವರ ಕಣ್ಣಿಗೆ ಬಿದ್ದಿದ್ದು ಡಿಕ್ಕಿಯಾದ ಮೇಲೆ.

ಬ್ರೆಜಿಲ್‌ನ ತನಿಖೆ ಪೈಲಟ್‌ಗಳ ಕಡೆ ಜಾಸ್ತಿ ನೋಡಿತು, ಅಮೆರಿಕದವರು ಕಂಟ್ರೋಲ್ ವ್ಯವಸ್ಥೆಯ ಕಡೆ. ಆ ಜಗಳ ಕೋರ್ಟಿಗೂ ಹೋಯಿತು, ಅದು ಹಾಗಿರಲಿ. ಅಮೆರಿಕದ ತನಿಖಾ ಮಂಡಳಿ 2007ರಲ್ಲಿ ಕೇಳಿದ್ದು ಸರಳ: ಟಿಕಾಸ್ ನಿಂತರೆ ಪೈಲಟ್‌ಗೆ ಕಣ್ಣಿಗೂ ಕಿವಿಗೂ ಗೊತ್ತಾಗಬೇಕು. ಮನೆಯ ಮಿಕ್ಸಿ ಕೆಟ್ಟರೂ ವಾಸನೆ ಬರುತ್ತೆ, ಅಲ್ವಾ?

ಹಾರಾಟದ ನಡುವೆ ಕೆಟ್ಟಿದ್ದು ಗೊತ್ತಾದರೆ ಮಾಡಬೇಕಾದ್ದು ಜಾಸ್ತಿ ಇಲ್ಲ. ಇಬ್ಬರು ಪೈಲಟ್‌ಗಳ ನಡುವಿರುವ ಟ್ರಾನ್ಸ್‌ಪಾಂಡರ್ ಗುಂಡಿ ಸರಿಯಾದ ಜಾಗದಲ್ಲಿದೆಯಾ ನೋಡಬೇಕು. ಎರಡನೇ ಟ್ರಾನ್ಸ್‌ಪಾಂಡರ್‌ಗೆ ಬದಲಿಸಬೇಕು. ನೆಲದ ಕಂಟ್ರೋಲರ್‌ಗೆ ಹೇಳಬೇಕು. ಆಮೇಲೆ ಕಣ್ಣು ಕಿಟಕಿಯಾಚೆ. ಟ್ರಾನ್ಸ್‌ಪಾಂಡರ್ ಬದುಕಿದ್ದರೆ ಎದುರಿನ ಟಿಕಾಸ್‌ಗಾದರೂ ನಾವು ಕಾಣುತ್ತೇವೆ, ಅದೇ ಸಮಾಧಾನ.

ಇಳಿದ ಮೇಲೆ ಎಂಜಿನಿಯರ್ ಅದಕ್ಕೆ ‘ಇನಾಪ್’ (ಕೆಲಸ ಮಾಡುತ್ತಿಲ್ಲ) ಅಂತ ಚೀಟಿ ಅಂಟಿಸುತ್ತಾರೆ. ವಿಮಾನ ಮತ್ತೆ ಹೊರಡುತ್ತದೆ. ಯುರೋಪಿನಲ್ಲಿ ಹಾಗೆ ಹಾರಲು ಕೊಟ್ಟಿದ್ದ ಗಡುವು 10 ದಿನ. ಜರ್ಮನಿ ಮಾತ್ರ ತನ್ನ ಆಕಾಶಕ್ಕೆ 3 ದಿನ ಸಾಕು ಅಂದಿತು. ಯೂಬರ್ಲಿಂಗನ್ ಇರುವುದು ಅಲ್ಲೇ. ಬಿಡಿಭಾಗ ತಕ್ಷಣ ಸಿಗದ ಊರಲ್ಲಿ ವಿಮಾನ ನಿಲ್ಲಿಸಿಕೊಂಡು ಕೂರಲಾಗದು, ಒಪ್ಪೋಣ. ಆದರೂ 10 ದಿನ ಜಾಸ್ತಿಯಾಯಿತು.

2018ರ ಜುಲೈ 10ರಂದು ಬೆಂಗಳೂರಿನ ಆಕಾಶದಲ್ಲಿ ಎರಡು ವಿಮಾನ ಹತ್ತಿರ ಬಂದವು. ಒಂದು ಕೊಯಮತ್ತೂರಿನಿಂದ ಹೈದರಾಬಾದ್‌ಗೆ, ಇನ್ನೊಂದು ಬೆಂಗಳೂರಿನಿಂದ ಕೊಚ್ಚಿಗೆ. ಎರಡರಲ್ಲೂ ಸೇರಿ ಮುನ್ನೂರಕ್ಕೂ ಹೆಚ್ಚು ಜನ. ಎತ್ತರದಲ್ಲಿ ಉಳಿದಿದ್ದ ಅಂತರ ಸುಮಾರು 200 ಅಡಿ. ಟಿಕಾಸ್ ಕೂಗಿತು, ಪೈಲಟ್‌ಗಳು ಅದು ಹೇಳಿದಂತೆ ದೂರ ಸರಿದರು. ಅವತ್ತು ಎರಡರಲ್ಲೂ ಆ ಚೀಟಿ ಇರಲಿಲ್ಲ.