ಹುಣಸೆಮರದ ಬಳಿಯೇ ಬೈಕು ಏಕೆ ನಿಲ್ಲುತ್ತದೆ?

ಹಳೆಯ ಜಾವಾ, ಯೆಜ್ಡಿ ಬೈಕು ಇಟ್ಟುಕೊಂಡವರ ಬಾಯಲ್ಲಿ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಮನೆಯಿಂದ ಹೊರಟ ಗಾಡಿ ಏಳೆಂಟು ಕಿಲೋಮೀಟರ್ ಚೆನ್ನಾಗಿಯೇ ಓಡುತ್ತದೆ, ಆಮೇಲೆ ಮುಗ್ಗರಿಸಿ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಮರುದಿನ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಮತ್ತೆ ನಿಲ್ಲುತ್ತದೆ. ಅಲ್ಲೊಂದು ಹುಣಸೆಮರವೋ ಸ್ಮಶಾನವೋ ಇದ್ದರೆ ಮುಗಿಯಿತು, ಹ್ಯಾಂಡಲಿಗೆ ನಿಂಬೆಹಣ್ಣು ಕಟ್ಟುತ್ತಾರೆ, ಮರದ ಬುಡದಲ್ಲಿ ತೆಂಗಿನಕಾಯಿ ಒಡೆಯುತ್ತಾರೆ. ಕಾಯಿ ಒಡೆದು ಬಂದು ಕಿಕ್ ಹೊಡೆದರೆ ಗಾಡಿ ಶುರುವಾಗಿಯೂ ಬಿಡುತ್ತದೆ! ನಂಬಿಕೆ ಬೇರೂರುವುದು ಹೀಗೆಯೇ. ನನಗೆ ಇದನ್ನು ಕಂಡರೆ ಸಿಟ್ಟಿಗಿಂತ ಸಂಕಟವೇ ಹೆಚ್ಚು. ಅಲ್ಲಿ ನಡೆಯುತ್ತಿರುವುದು ಭೌತವಿಜ್ಞಾನದ ಬಲು ಸೊಗಸಾದ ಒಂದು ಆಟ, ಅದನ್ನು ಯಾರೂ ನೋಡುವುದೇ ಇಲ್ಲ.

ದೆವ್ವವನ್ನು ನಂಬದವರು ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರನ್ನು ಬಿಚ್ಚುತ್ತಾರೆ. ಅದರೊಳಗೆ ಪೆಟ್ರೋಲ್ ಹಾಯುವ ಜೆಟ್ಟಿಗೆ ತಂತಿ ಚುಚ್ಚಿ ಅದರ ತೂತನ್ನು ಹಿಗ್ಗಿಸುತ್ತಾರೆ, ಸ್ಕ್ರೂ ತಿರುಗಿಸುತ್ತಾರೆ, ಮತ್ತೆ ಜೋಡಿಸುತ್ತಾರೆ. ಇಷ್ಟೆಲ್ಲ ಮುಗಿಯುವ ಹೊತ್ತಿಗೆ ಅರ್ಧ ಗಂಟೆ ಕಳೆದಿರುತ್ತದೆ, ಗಾಡಿ ತಾನಾಗಿಯೇ ಸರಿಹೋಗಿರುತ್ತದೆ. ಕೀರ್ತಿ ಕಾರ್ಬುರೇಟರ್ ಬಿಚ್ಚಿದವರ ಪಾಲಾಗುತ್ತದೆ.

ಎರಡೂ ಕಡೆ ಇರುವುದು ಒಂದೇ ತಪ್ಪು ಕಲ್ಪನೆ, ಎಂಜಿನ್ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ ಎಂಬುದು. ದ್ರವವನ್ನು ಹಾಗೆ ಎಳೆಯಲು ಬರುವುದಿಲ್ಲ, ಹಿಂದಿನಿಂದ ಯಾವುದೋ ಒತ್ತಡ ಅದನ್ನು ತಳ್ಳಬೇಕು. ಗೆಲಿಲಿಯೋನಂಥವನೂ ಇಲ್ಲಿ ಎಡವಿದ್ದ. ಹೀರುವ ಪಂಪು ನೀರನ್ನು ಸುಮಾರು 10 ಮೀಟರಿಗಿಂತ ಮೇಲೆ ಎತ್ತುವುದಿಲ್ಲ ಎಂಬುದನ್ನು ಅವನು ಗಮನಿಸಿದ್ದ, 1638ರಲ್ಲಿ ಬರೆದೂ ಇದ್ದ. ಆದರೆ ನೀರಿನ ಕಂಬ ತನ್ನ ಭಾರಕ್ಕೆ ತಾನೇ ತುಂಡಾಗುತ್ತದೆ ಎಂದು ಅವನು ತರ್ಕಿಸಿದ. 1643ರಲ್ಲಿ ಅವನ ಶಿಷ್ಯ ಟೊರಿಸೆಲ್ಲಿಯ ಪಾದರಸದ ಕೊಳವೆ ನಿಜವನ್ನು ತೋರಿಸಿಕೊಟ್ಟಿತು. ಪಾದರಸ ಸುಮಾರು 76 ಸೆಂಟಿಮೀಟರ್ ಎತ್ತರದಲ್ಲಿ ನಿಂತದ್ದು ಹೊರಗಿನ ಗಾಳಿ ಅದನ್ನು ಅಷ್ಟೇ ಎತ್ತರಕ್ಕೆ ತಳ್ಳಬಲ್ಲದು ಎಂಬ ಕಾರಣಕ್ಕೆ. ನಾವು ಗಾಳಿಯ ಕಡಲಿನ ತಳದಲ್ಲಿ ಬದುಕುತ್ತಿದ್ದೇವೆ ಎಂದು ಮರುವರ್ಷ ಆತ ಪತ್ರವೊಂದರಲ್ಲಿ ಬರೆದ. ಮೈಸೂರಿನ ಯಾದವಗಿರಿಯ ಜಾವಾ-ಯೆಜ್ಡಿ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಪ್ರತಿಯೊಂದು ಬೈಕಿನ ಟ್ಯಾಂಕೂ ಆ ಕಡಲಿನ ತಳದಲ್ಲೇ ಇದೆ.

ಈ ಬೈಕುಗಳಲ್ಲಿ ಪೆಟ್ರೋಲ್ ಪಂಪು ಇಲ್ಲ. ಟ್ಯಾಂಕ್ ಮೇಲಿದೆ, ಕಾರ್ಬುರೇಟರ್ ಕೆಳಗಿದೆ, ಪೆಟ್ರೋಲ್ ತನ್ನ ಭಾರದಿಂದಲೇ ಇಳಿಯುತ್ತದೆ. ಇಳಿದಷ್ಟೂ ಜಾಗ ಟ್ಯಾಂಕಿನಲ್ಲಿ ಖಾಲಿಯಾಗುತ್ತದೆ, ಅದನ್ನು ತುಂಬಲು ಹೊರಗಿನ ಗಾಳಿ ಒಳಗೆ ಬರಬೇಕು. ಅದಕ್ಕಾಗಿಯೇ ಮುಚ್ಚಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಎಣ್ಣೆ ಡಬ್ಬದಿಂದ ಎಣ್ಣೆ ಸರಾಗವಾಗಿ ಬೀಳಲೆಂದು ಅಂಗಡಿಯವರು ಎದುರು ಮೂಲೆಯಲ್ಲಿ ಇನ್ನೊಂದು ತೂತು ಹೊಡೆಯುವುದಿಲ್ಲವೇ, ಅದೇ ಇದು. ವರ್ಷಗಳ ದೂಳು, ಪಾಲಿಶ್, ತುಕ್ಕು ಸೇರಿ ಈ ತೂತು ಕಟ್ಟಿಕೊಳ್ಳುತ್ತದೆ. ಮುಚ್ಚಳದ ಮೇಲೆ ಬಿಗಿಯಾಗಿ ಕೂರುವ ರೆಕ್ಸಿನ್ ಟ್ಯಾಂಕ್ ಕವರೂ ಅದನ್ನು ಮುಚ್ಚಿಬಿಡಬಹುದು.

ಈಗ ಲೆಕ್ಕಕ್ಕೆ ಬನ್ನಿ, ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಟ್ಯಾಂಕಿನ ಪೆಟ್ರೋಲ್ ಮಟ್ಟ ಕಾರ್ಬುರೇಟರಿಗಿಂತ 25 ಸೆಂಟಿಮೀಟರ್ ಮೇಲಿದೆ ಎನ್ನೋಣ. ಅಷ್ಟು ಪೆಟ್ರೋಲಿನ ಒತ್ತಡ ಸುಮಾರು 18 ಮಿಲಿಬಾರ್. ಮೈಸೂರಿನ ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು 925 ಮಿಲಿಬಾರ್. ಎಂದರೆ ಟ್ಯಾಂಕಿನೊಳಗಿನ ಒತ್ತಡ ನೂರಕ್ಕೆ ಎರಡರಷ್ಟು ಕುಸಿದರೆ ಸಾಕು, ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ! ಟ್ಯಾಂಕಿನ ಖಾಲಿ ಭಾಗದಲ್ಲಿ ಗಾಳಿಯ ಜೊತೆ ಪೆಟ್ರೋಲ್ ಆವಿಯೂ ಇರುತ್ತದೆ. ಜಾಗ ಹಿಗ್ಗಿದಂತೆ ಹೊಸ ಆವಿ ಎದ್ದು ತನ್ನ ಪಾಲಿನ ಒತ್ತಡವನ್ನು ಕಾಯ್ದುಕೊಳ್ಳುವುದರಿಂದ ಇಳಿಯುವುದು ಗಾಳಿಯ ಪಾಲು ಮಾತ್ರ. ಅದನ್ನೂ ಸೇರಿಸಿದರೆ, 8 ಲೀಟರ್ ಖಾಲಿ ಇರುವ ಟ್ಯಾಂಕಿನಿಂದ ಕಾಲು ಲೀಟರಿನ ಆಸುಪಾಸು ಪೆಟ್ರೋಲ್ ಇಳಿದು ಹರಿವು ನಿಲ್ಲಬೇಕು. ಲೀಟರಿಗೆ 30 ಕಿಲೋಮೀಟರ್ ಕೊಡುವ ಗಾಡಿ ಆಗ ಏಳೆಂಟು ಕಿಲೋಮೀಟರ್ ಓಡಿರುತ್ತದೆ. ದಿನವೂ ಒಂದೇ ಮನೆಯಿಂದ ಒಂದೇ ದಾರಿಯಲ್ಲಿ ಹೊರಟ ಗಾಡಿ ಹುಣಸೆಮರದ ಬಳಿ ನಿಲ್ಲದೆ ಇನ್ನೆಲ್ಲಿ ನಿಂತೀತು? ನಿಂತ ಮೇಲೆ ಕಟ್ಟಿಕೊಂಡ ತೂತಿನ ಸಂದಿಯಿಂದ ಗಾಳಿ ನಿಧಾನವಾಗಿ ಒಳಸೇರುತ್ತದೆ, ಎಂಜಿನ್ನಿನ ಕಾವಿಗೆ ಟ್ಯಾಂಕಿನ ಆವಿಯೂ ಹೆಚ್ಚುತ್ತದೆ. ಹತ್ತು ನಿಮಿಷದಲ್ಲಿ ಗಾಡಿ ಸಿದ್ಧ, ಕಾಯಿ ಒಡೆದರೂ ಒಡೆಯದಿದ್ದರೂ.

ಇದೇ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತದೆ. ಟ್ಯಾಂಕ್ ತುಂಬಿಸಿ ಹೊರಟರೆ ಒಳಗೆ ಗಾಳಿ ಕಡಿಮೆ, ಆದ್ದರಿಂದ ಗಾಡಿ ಎರಡು ಕಿಲೋಮೀಟರಿಗೇ ನಿಲ್ಲಬೇಕು. ಮರದ ಪಿಶಾಚಿಗೆ ಪೆಟ್ರೋಲ್ ಮಟ್ಟದ ಗೊಡವೆ ಏಕೆ? ಅನುಮಾನವಿರುವವರು ಟ್ಯಾಂಕ್ ತುಂಬಿಸಿ ನೋಡಲಿ.

ಗಾಡಿ ನಿಂತಾಗ ಮೊದಲು ಮುಚ್ಚಳ ತೆರೆಯಿರಿ, ಕಿವಿಗೊಟ್ಟು ಕೇಳಿ. ಸುಯ್ಯೆಂದು ಗಾಳಿ ಒಳನುಗ್ಗಿದ ಸದ್ದಾಗಿ, ಒಡನೆಯೇ ಗಾಡಿ ಶುರುವಾದರೆ ಕಳ್ಳ ಸಿಕ್ಕಿದ ಹಾಗೆ. ಸದ್ದಾಗದಿದ್ದರೆ ಪ್ಲಗ್ ಬಿಚ್ಚಿ ನೋಡಿ. ಅದು ಒದ್ದೆಯಾಗಿದ್ದರೆ ಪೆಟ್ರೋಲ್ ತಲುಪುತ್ತಿದೆ, ಕಿಡಿಯ ಕಡೆ ಗಮನ ಕೊಡಿ. ಒಣಗಿದ್ದರೆ ಎಂಜಿನ್ ತಣ್ಣಗಾದ ಮೇಲೆ ಪೈಪನ್ನು ಕಾರ್ಬುರೇಟರಿನಿಂದ ಕಳಚಿ, ಮುಚ್ಚಳ ತೆರೆದೇ ಇಟ್ಟು, ಒಂದು ಬಾಟಲಿಗೆ ಪೆಟ್ರೋಲ್ ಬಿಡಿ. ಧಾರೆ ಮೊದಲು ಜೋರಾಗಿದ್ದು ಬರಬರುತ್ತಾ ಹನಿಯಾದರೆ ಟ್ಯಾಂಕಿನ ತುಕ್ಕಿನ ಚಕ್ಕೆಗಳು ಬಂದು ಟ್ಯಾಂಕಿನ ಬುಡದ ನಲ್ಲಿಯ, ಅಂದರೆ ಕಾಕ್‌ನ, ಜಾಲರಿಯನ್ನು ಕಟ್ಟುತ್ತಿವೆ. ನಿಂತಾಗ ಆ ಚಕ್ಕೆಗಳು ಸರಿದುಬಿಡುವುದರಿಂದ ಈ ರೋಗವೂ ಮುಚ್ಚಳದ ರೋಗದಂತೆಯೇ ಕಾಣುತ್ತದೆ, ಮುಚ್ಚಳ ತೆರೆದಿಟ್ಟು ನೋಡಿದರೆ ಮಾತ್ರ ಬೇರೆಯೆಂದು ತಿಳಿಯುತ್ತದೆ. ರಿಸರ್ವ್‌ಗೆ ತಿರುಗಿಸಿದಾಗ ಮಾತ್ರ ಪೆಟ್ರೋಲ್ ಬಂದರೆ ಕಾಕ್‌ನ ಮೇಲಿನ ದಾರಿ ಕಟ್ಟಿದೆ, ಇಲ್ಲವೇ ಟ್ಯಾಂಕಿನ ಪೆಟ್ರೋಲ್ ರಿಸರ್ವ್ ಮಟ್ಟಕ್ಕೆ ಇಳಿದಿದೆ. ಧಾರೆ ಸರಿಯಾಗಿದ್ದೂ ಕಾರ್ಬುರೇಟರಿನ ಟಿಕ್ಲರ್ ಗುಂಡಿ ಒತ್ತಿದಾಗ ಕಾರ್ಬುರೇಟರ್ ಒದ್ದೆಯಾಗದಿದ್ದರೆ, ಅದರೊಳಗೆ ಪೆಟ್ರೋಲ್ ಬರುವ ದಾರಿಯನ್ನು ತೆರೆದು ಮುಚ್ಚುವ ಫ್ಲೋಟಿನ ಸೂಜಿ ಅಂಟಿಕೊಂಡಿದೆ. ಕಾರ್ಬುರೇಟರ್ ಬಿಚ್ಚುವ ಸರದಿ ಬರುವುದು ಇಲ್ಲಿ.

ಇದನ್ನು ಉದಾಸೀನ ಮಾಡಬಾರದು ಎನ್ನಲು ಕಾರಣವಿದೆ. ಈ ಬೈಕುಗಳ ಎರಡು ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ ಬರುವುದು ಪೆಟ್ರೋಲಿನ ಜೊತೆಯಲ್ಲೇ. ಪೆಟ್ರೋಲ್ ಕಡಿಮೆಯಾದರೆ ಆಯಿಲ್ಲೂ ಕಡಿಮೆ, ಎಂಜಿನ್ ಕಾಯುವುದೂ ಹೆಚ್ಚು. ನಿಲ್ಲುವ ಮೊದಲು ಎಂಜಿನ್ ಸದ್ದು ಒಮ್ಮೆ ಚುರುಕಾದಂತೆ ಕೇಳುತ್ತದೆ, ಅದನ್ನು ಉತ್ಸಾಹವೆಂದು ತಿಳಿದು ಆಕ್ಸಿಲರೇಟರ್ ತಿರುವಿದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳಬಹುದು.

ಅಂಬಾಸಿಡರ್ ಕಾರಿನ ಕಥೆ ಸ್ವಲ್ಪ ಬೇರೆ. ಟ್ಯಾಂಕ್ ಹಿಂದೆ, ಪಂಪು ಮುಂದೆ ಬಿಸಿ ಎಂಜಿನ್ನಿನ ಮೈಗೆ ಅಂಟಿಕೊಂಡೇ ಇದೆ. ಘಾಟಿ ಹತ್ತುವಾಗ ಪಂಪಿನೊಳಗೆ ಕಾವು ಹೆಚ್ಚು, ಒತ್ತಡ ಕಡಿಮೆ, ಹೀಗಾಗಿ ಪೆಟ್ರೋಲ್ ಅಲ್ಲೇ ಕುದಿಯುತ್ತದೆ. ಪಂಪು ದ್ರವವನ್ನು ತಳ್ಳಬಲ್ಲದು, ಗುಳ್ಳೆಗಳನ್ನಲ್ಲ. ಹಳೆಯ ಚಾಲಕರು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದು ಅಪ್ಪಟ ವಿಜ್ಞಾನ, ನೀರು ಆರುವಾಗ ಪಂಪಿನ ಶಾಖವನ್ನು ಹೊತ್ತೊಯ್ಯುತ್ತದೆ.

ಬೈಕಿನ ಮುಚ್ಚಳಕ್ಕೆ ಅಷ್ಟೂ ಬೇಕಿಲ್ಲ. ಅದನ್ನು ಕಳಚಿ ಸೀಮೆಎಣ್ಣೆಯಲ್ಲಿ ನೆನೆಸಿ, ತೂತಿಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಚೆನ್ನಾಗಿ ಆರಿಸಿ ಹಾಕಿದರೆ ಸಾಕು. ಹೊಸ ಮುಚ್ಚಳ ಕೊಳ್ಳುವುದಾದರೆ ಅಂಗಡಿಯಲ್ಲೇ ತೂತು ಇದೆಯೇ ಎಂದು ತಿರುಗಿಸಿ ನೋಡಿ. ಒಳಗಿನ ರಬ್ಬರ್ ವಾಷರ್ ಅದನ್ನು ಮುಚ್ಚಿಕೊಂಡಿದ್ದರೆ ಆ ಮುಚ್ಚಳ ಬೇಡ.