ಪೇಡಾ ತುಟ್ಟಿಯಾದಷ್ಟೂ ಹೆಚ್ಚು ಮಾರಾಟವಾಗುತ್ತದೆಯೇ?

ಪ್ರಶ್ನೆ: ಧಾರವಾಡದ ಪೇಡಾ ಅಂಗಡಿಯೊಂದರ ಲೆಕ್ಕದ ಮೇಲೆ ರಿಗ್ರೆಶನ್ ಮಾಡಿದೆವು, ಅಂದರೆ ಬೆಲೆ ಮತ್ತು ಮಾರಾಟದ ಅಂಕಿಗಳಿಗೆ ಹೊಂದುವ ಗೆರೆ ಎಳೆದೆವು. ಬೆಲೆಯ ಗುಣಾಂಕ ಧನಾತ್ಮಕವಾಗಿ ಬಂದಿದೆ: ಬೆಲೆ ಏರಿದಂತೆ ಮಾರಾಟವೂ ಏರಿದೆ. ಹಾಗಾದರೆ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ ಇಲ್ಲಿ ಅನ್ವಯಿಸುವುದಿಲ್ಲವೇ?

ಪ್ರಾಜೆಕ್ಟ್ ವರದಿ ಒಪ್ಪಿಸುವ ದಿನಗಳು ಬಂದವೆಂದರೆ ಈ ಪ್ರಶ್ನೆಯೂ ಬರುತ್ತದೆ. ಒಂದು ವರ್ಷ ಪೇಡಾ, ಮರುವರ್ಷ ಸೀರೆ. ಉತ್ತರ ಬದಲಾಗಿಲ್ಲ: ಅನ್ವಯಿಸುತ್ತದೆ. ಎರಡನೆಯ ಪೇಡಾ ಮೊದಲನೆಯದರಷ್ಟು ರುಚಿಸುವುದಿಲ್ಲ, ಅದು ಕೊಡುವ ತೃಪ್ತಿ ಅಂದರೆ ತುಷ್ಟಿಗುಣ ಕಡಿಮೆ. ಇನ್ನೂ ಒಂದು ಕೊಳ್ಳಬೇಕಾದರೆ ಬೆಲೆ ಇಳಿಯಬೇಕು. ಯಾವ ಬೆಲೆಗೆ ಎಷ್ಟು ಕೊಳ್ಳುತ್ತಾರೆಂದು ತೋರಿಸುವ ಬೇಡಿಕೆ ರೇಖೆ ಕೆಳಗೆ ಜಾರುವುದು ಅದಕ್ಕೇ.

ಇಷ್ಟು ಹೇಳಿದ ಕೂಡಲೇ ಬರುವ ಮಾತು: ‘ಆದರೆ ಸರ್, ಆರ್-ಸ್ಕ್ವೇರ್ಡ್ 0.83 ಇದೆಯಲ್ಲ!’ ಗೆರೆ ಅಂಕಿಗಳಿಗೆ ಎಷ್ಟು ಹೊಂದಿತೆಂದು 0ಯಿಂದ 1ರವರೆಗೆ ಅಳೆಯುವ ಆರ್-ಸ್ಕ್ವೇರ್ಡ್ ದೊಡ್ಡದಿದ್ದರೆ ಸಮೀಕರಣ ಸರಿ ಎಂಬ ಈ ನಂಬಿಕೆಯನ್ನು ಎಷ್ಟು ಸಲ ಕಿತ್ತರೂ ಮತ್ತೆ ಚಿಗುರುತ್ತದೆ. ದಯವಿಟ್ಟು ಪೆನ್ನು ಹಿಡಿದು ಕುಳಿತುಕೊಳ್ಳಿ.

ನಾಲ್ಕು ವಾರಗಳ ಲೆಕ್ಕ ನೋಡೋಣ. ಅಂಕಿಗಳು ಉದಾಹರಣೆಗೆಂದು ನಾನೇ ಇಟ್ಟವು. ಸಾದಾ ವಾರಗಳಲ್ಲಿ ಕಿಲೋಗೆ 400 ರೂಪಾಯಿ ಇದ್ದಾಗ 50 ಕಿಲೋ, 420 ಇದ್ದಾಗ 46 ಕಿಲೋ ಖರ್ಚಾಯಿತು. ದೀಪಾವಳಿಯ ಆಸುಪಾಸಿನ ಎರಡು ವಾರಗಳಲ್ಲಿ 460ಕ್ಕೆ 90 ಕಿಲೋ, 480ಕ್ಕೆ 86 ಕಿಲೋ. ನಾಲ್ಕನ್ನೂ ಕಲಸಿ ಒಂದೇ ಗೆರೆ ಎಳೆದರೆ ಗುಣಾಂಕ +0.58, ಆರ್-ಸ್ಕ್ವೇರ್ಡ್ 0.83. ನಿಮಗೆ ಬಂದದ್ದೇ!

ಈಗ ಹಬ್ಬದ ವಾರಕ್ಕೆ 1, ಉಳಿದ ವಾರಕ್ಕೆ 0 ಎಂದು ಒಂದು ಡಮ್ಮಿ ಚಲಕ ಸೇರಿಸಿ. ಬೆಲೆಯ ಗುಣಾಂಕ −0.2 ಆಗುತ್ತದೆ. ಬೆಲೆ 10 ರೂಪಾಯಿ ಏರಿದರೆ 2 ಕಿಲೋ ಕಡಿಮೆ. ಹಬ್ಬದ ಪಾಲು 52 ಕಿಲೋ. ಮನೆಗೆ ನೆಂಟರು ಬಂದಾಗ ಪ್ರತಿ ಪೇಡಾದ ತುಷ್ಟಿಗುಣವೂ ಹೆಚ್ಚುತ್ತದೆ, ಇಡೀ ಬೇಡಿಕೆ ರೇಖೆಯೇ ಬಲಕ್ಕೆ ಸರಿಯುತ್ತದೆ. ಮೊದಲಿನ ಗೆರೆಯನ್ನು ನಂಬಿ ಹಬ್ಬ ಮುಗಿದ ಮೇಲೂ 480 ಇಟ್ಟ ಮಾಲೀಕ 34 ಕಿಲೋ ಮಾರಿ, ಉಳಿದ ಪೇಡಾವನ್ನು ಹಳಸಲು ಬಿಡಬೇಕಾಗುತ್ತದೆ. ಮಾರಾಟದ ಏರಿಳಿತವನ್ನು ಗೆರೆ ಎಷ್ಟು ಹಿಂಬಾಲಿಸಿತು ಎಂಬುದನ್ನು ಆರ್-ಸ್ಕ್ವೇರ್ಡ್ ಹೇಳುತ್ತದೆ. ಏರಿಸಿದ್ದು ಯಾವುದು ಎಂಬುದನ್ನು ಅದು ಹೇಳುವುದಿಲ್ಲ.

ಈ ತಪ್ಪಿಗೆ ನೂರು ವರ್ಷ ಮೀರಿದ ಇತಿಹಾಸವಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಹೆನ್ರಿ ಮೂರ್ 1914ರಲ್ಲಿ ಬೀಡು ಕಬ್ಬಿಣದ ಬೇಡಿಕೆ ರೇಖೆ ಮೇಲಕ್ಕೆ ಏರುತ್ತದೆಂದು ಬರೆದರು. ಅದೇ ಪುಸ್ತಕದಲ್ಲಿ ಮೆಕ್ಕೆಜೋಳ, ಆಲೂಗಡ್ಡೆಗಳ ರೇಖೆ ಸರಿಯಾಗಿಯೇ ಇಳಿದಿತ್ತು.

ಬೆಳೆಗಳಿಗೆ ಮಾತ್ರ ಏಕೆ ಸರಿ ಬಂತು? ಇದನ್ನು ಯಾರೂ ಕೇಳುವುದಿಲ್ಲ, ನನಗೆ ಬಹಳ ಪ್ರಿಯವಾದ ಪ್ರಶ್ನೆ ಇದು. ಬ್ಯಾಡಗಿ ಮಾರುಕಟ್ಟೆಯನ್ನು ನೆನೆಯಿರಿ. ಮೆಣಸಿನಕಾಯಿಯ ಆವಕ ಮಳೆಯಂತೆ ವರ್ಷ ವರ್ಷ ಏರಿಳಿಯುತ್ತದೆ, ತಿನ್ನುವವರ ನಾಲಗೆ ಅಷ್ಟಾಗಿ ಬದಲಾಗುವುದಿಲ್ಲ. ಶೈತ್ಯಾಗಾರದ ದಾಸ್ತಾನನ್ನು ಬದಿಗಿಟ್ಟರೆ, ಪೂರೈಕೆ ರೇಖೆ ಆಚೀಚೆ ಸರಿಯುತ್ತಾ, ನಿಂತಲ್ಲೇ ನಿಂತ ಬೇಡಿಕೆ ರೇಖೆಯ ಮೇಲೆ ಚುಕ್ಕೆಗಳನ್ನು ಇಡುತ್ತಾ ಹೋಗುತ್ತದೆ. ಕಬ್ಬಿಣದಲ್ಲಿ ಸರಿದದ್ದು ಬೇಡಿಕೆ. ಅರ್ಥಶಾಸ್ತ್ರಜ್ಞ ಎಲ್ಮರ್ ವರ್ಕಿಂಗ್ 1927ರಲ್ಲಿ ಬಿಡಿಸಿಟ್ಟದ್ದು ಇದನ್ನೇ. ಮರುವರ್ಷ ಫಿಲಿಪ್ ರೈಟ್ ಪೂರೈಕೆಯನ್ನು ಸರಿಸಿದರೂ ಬೇಡಿಕೆಯನ್ನು ಮುಟ್ಟದ ಎಕರೆವಾರು ಇಳುವರಿಯನ್ನೇ ಸಾಧನವಾಗಿ ಹಿಡಿದು ಬೇಡಿಕೆಯನ್ನು ಪೂರೈಕೆಯಿಂದ ಬೇರ್ಪಡಿಸಿ ತೋರಿಸಿದರು. ಅವರು ಆರಿಸಿಕೊಂಡ ಬೆಳೆ, ನಮ್ಮ ರೊಟ್ಟಿಯ ಜೊತೆಗಿನ ಚಟ್ನಿಪುಡಿಯ ಅಗಸೆ.